ಶೇಷದಲ್ಲಿ ಉಳಿದ ಹೆಸರು: ಮಸ್ಕಿ ಶಾಸನ ಮತ್ತು ವಾಕ್ಯದ ಅನಿವಾರ್ಯವಲ್ಲದ ಅಂಗಗಳು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲ್ಲೂಕು ಕೇಂದ್ರವಾದ ಈ ಊರಿನ ಗುಡ್ಡದ ಬಂಡೆಯೊಂದರ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಪ್ರಾಕೃತ ಬರೆಹವೊಂದು ಬ್ರಾಹ್ಮೀ ಲಿಪಿಯಲ್ಲಿದೆ. ಅದರ ಮೊದಲ ಎರಡು ಪದಗಳು ‘ದೇವಾನಂಪಿಯಸ ಅಸೋಕಸ’. ಎಂದರೆ, ದೇವತೆಗಳಿಗೆ ಪ್ರಿಯನಾದವನ, ಅಶೋಕನ. ಇವೆರಡರಲ್ಲಿ ಎರಡನೆಯ ಪದವನ್ನು ತೆಗೆದುಹಾಕಿದರೆ ವ್ಯಾಕರಣದ ದೃಷ್ಟಿಯಿಂದ ಏನೂ ಕೆಡುವುದಿಲ್ಲ. ಆ ದೊರೆಯ ಬೇರೆ ಬಹುತೇಕ ಶಾಸನಗಳಲ್ಲಿ ಆ ಪದ ಇಲ್ಲವೇ ಇಲ್ಲ. ಅವುಗಳ ವಾಕ್ಯಗಳು ಅದರಿಂದ ಕುಂಟಾಗಿಲ್ಲ. ಆದರೂ ಮಸ್ಕಿಯ ಕೀರ್ತಿಯೆಲ್ಲ ಆ ಒಂದು ಪದದ್ದು.

ವಾಕ್ಯದಲ್ಲಿ ಬಿಟ್ಟರೂ ನಡೆಯುವ ಅಂಗಗಳೆಂದು ವ್ಯಾಕರಣ ಯಾವುದನ್ನು ಬದಿಗಿಡುತ್ತದೋ, ಅವುಗಳ ಚರಿತ್ರೆಯನ್ನು ಈ ಬಂಡೆಯ ಬಳಿಯಿಂದ ನೋಡುವುದು ಈ ಲೇಖನದ ಉದ್ದೇಶ. ಒಂದು ಅಂಗವು ಅನಿವಾರ್ಯವೋ ಅಲ್ಲವೋ ಎಂಬುದು ಆ ಅಂಗದಲ್ಲೇ ಅಡಗಿರುವ ಗುಣವೆಂದು ನಮ್ಮ ಪಠ್ಯಗಳು ಸಾಮಾನ್ಯವಾಗಿ ಭಾವಿಸುತ್ತವೆ. ಮಸ್ಕಿಯ ಸಾಕ್ಷ್ಯ ಆ ಭಾವನೆಗೆ ಒಪ್ಪುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ಪರಿಭಾಷೆಯ ಮಾತು. ಕನ್ನಡದಲ್ಲಿ ‘ಪೂರಕ’ ಎಂಬ ಪದ ಇಲ್ಲಿ ನಮಗೆ ತೊಡಕನ್ನೇ ತರುತ್ತದೆ. ವಾಕ್ಯರಚನೆಯ ಬರಹಗಳಲ್ಲಿ ಪೂರಕವೆಂದರೆ ಕ್ರಿಯಾಪದದ ಅರ್ಥ ತುಂಬಿಬರಲು ಬೇಕೇಬೇಕಾದ ಅಂಗ. ‘ಪೂರಕ ಪಠ್ಯ’, ‘ಪೂರಕ ಬಜೆಟ್’ ಎನ್ನುವಾಗ ಅದೇ ಪದಕ್ಕೆ ಮೇಲಿಂದ ಸೇರಿಸಿದ್ದು ಎಂಬ ಅರ್ಥ. ಬೇಕೇಬೇಕಾದುದಕ್ಕೂ ಹೆಚ್ಚುವರಿಯಾದುದಕ್ಕೂ ಒಂದೇ ಹೆಸರು ಸಂದಿರುವುದು ಆಕಸ್ಮಿಕವಿರಲಿಕ್ಕಿಲ್ಲ. ಫಿನ್ನಿಷ್ ವ್ಯಾಕರಣ ಪರಂಪರೆ ಈ ವಿಷಯದಲ್ಲಿ ಎರಡು ಬೇರೆ ಪದಗಳನ್ನು ಇಟ್ಟುಕೊಂಡಿದೆ. 2004ರಲ್ಲಿ ಫಿನ್ನಿಷ್ ಸಾಹಿತ್ಯ ಸಂಘ ಪ್ರಕಟಿಸಿದ ಬೃಹತ್ ವ್ಯಾಕರಣದಲ್ಲಿ ಬೇಕಾದ ಅಂಗಕ್ಕೆ ‘ತ್ಯಾಯ್ದೆನ್ನುಸ್’ ಎಂದು ಹೆಸರು. ತುಂಬಿಸುವುದು ಎಂದೇ ಅದರ ಮೂಲಾರ್ಥ. ಬಿಟ್ಟರೂ ನಡೆಯುವ ಅಂಗಕ್ಕೆ ‘ವಪಾ ಮ್ಯಾರಿತೆ’, ಅಂದರೆ ಸ್ವತಂತ್ರ ಮ್ಯಾರಿತೆ. ‘ಮ್ಯಾರಿತೆ’ ಎಂಬುದು ಅಳತೆ, ಪ್ರಮಾಣ ಎಂಬ ಅರ್ಥದ ‘ಮ್ಯಾರ್ಯಾ’ ಪದದ ಬಳಗದ್ದು. ಎಲ್ಲೆ ಗೊತ್ತುಪಡಿಸುವುದು ಎಂದು ಅದನ್ನು ಕನ್ನಡಿಸಬಹುದು. ಅನಿವಾರ್ಯವಲ್ಲವೆಂದು ಗಣಿಸಿದ ಅಂಗಕ್ಕೆ ಎಲ್ಲೆ ಹಾಕುವ ಅಧಿಕಾರವನ್ನು ಹೆಸರಿನಲ್ಲೇ ಕೊಟ್ಟಿರುವುದು ನಮಗೆ ಇಷ್ಟವಾದ ಸಂಗತಿ. ಮುಂದೆ ಇದು ಉಪಯೋಗಕ್ಕೆ ಬರುತ್ತದೆ. 1959ರಲ್ಲಿ ಪ್ರಕಟವಾದ ತೆನಿಯೇರನ ಗ್ರಂಥದ ನಂತರ ಐರೋಪ್ಯ ಭಾಷಾವಿಜ್ಞಾನದಲ್ಲಿ ಈ ವಿಭಜನೆ ನಾಟಕದ ರೂಪಕದಲ್ಲಿ ನೆಲೆಯೂರಿತು: ಕ್ರಿಯೆಯೆಂಬ ಪುಟ್ಟ ನಾಟಕದಲ್ಲಿ ಪಾತ್ರಧಾರಿಗಳು ಒಂದು ಕಡೆ, ಕಾಲ, ಸ್ಥಳ, ರೀತಿಗಳೆಂಬ ಸನ್ನಿವೇಶ ಇನ್ನೊಂದು ಕಡೆ.

ಈ ಎರಡು ಗುಂಪುಗಳನ್ನು ಬೇರ್ಪಡಿಸಲು ಎಲ್ಲರೂ ಮೊದಲು ಬಳಸುವುದು ಲೋಪಪರೀಕ್ಷೆ. ಅಂಗವನ್ನು ತೆಗೆದುನೋಡಿ, ವಾಕ್ಯ ನಿಂತರೆ ಅದು ಹೆಚ್ಚುವರಿ, ಬಿದ್ದರೆ ಅನಿವಾರ್ಯ. ಮಸ್ಕಿಯ ಮೊದಲ ಸಾಲಿಗೆ ಈ ಪರೀಕ್ಷೆಯನ್ನು ಒಡ್ಡಿದರೆ ವಿಚಿತ್ರವಾದ ಫಲ ಸಿಗುತ್ತದೆ. ‘ಅಸೋಕಸ’ ಹೋದರೂ ವಾಕ್ಯ ನಿಲ್ಲುತ್ತದೆ. ‘ದೇವಾನಂಪಿಯಸ’ ಹೋದರೂ ನಿಲ್ಲುತ್ತದೆ. ಏಕೆಂದರೆ ಆ ಬಳಿಕ ಬರುವ ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಉತ್ತಮಪುರುಷದ್ದು: ನಾನು ಉಪಾಸಕನಾಗಿ ಇಷ್ಟು ಕಾಲವಾಯಿತು, ನಾನು ಸಂಘವನ್ನು ಸಮೀಪಿಸಿದೆ ಎಂಬ ಧಾಟಿ. ಆ ‘ನಾನು’ವಿಗೆ ಮೊದಲ ಎರಡು ಪದಗಳೊಡನೆ ವ್ಯಾಕರಣದ ಕೊಂಡಿಯಿಲ್ಲ. ಇನ್ನೂ ಒಂದು ತೊಡಕುಂಟು. ಎರಡೂ ಪದಗಳು ಷಷ್ಠೀ ವಿಭಕ್ತಿಯಲ್ಲಿವೆ. ಷಷ್ಠಿಯು ಇನ್ನೊಂದು ನಾಮಪದವನ್ನು ಬೇಡುತ್ತದೆ. ಅಶೋಕನ ಮಾತು ಎಂದಿತ್ತೋ, ಆಜ್ಞೆ ಎಂದಿತ್ತೋ, ಆ ಮುಖ್ಯಪದವಿರಬೇಕಾದ ಜಾಗದಲ್ಲಿ ಕಲ್ಲು ಸವೆದಿದೆ. ಅವಲಂಬಿತ ಪದ ಉಳಿಯಿತು, ಅದಕ್ಕೆ ಆಸರೆಯಾದ ಪದ ಅಳಿಯಿತು.

ಷಷ್ಠಿಯ ವಿಷಯದಲ್ಲಿ ನಮ್ಮ ಪರಂಪರೆ ಎಳೆದ ಗೆರೆ ತೆನಿಯೇರನ ಗೆರೆಗಿಂತ ಬೇರೆ. ಪಾಣಿನಿಯ ಆರು ಕಾರಕಗಳಲ್ಲಿ ಕರ್ತೃ, ಕರ್ಮಗಳ ಜೊತೆಗೆ ಅಪಾದಾನವೂ ಅಧಿಕರಣವೂ ಸಮಾನ ಪಂಕ್ತಿಯಲ್ಲಿವೆ. ಎಲ್ಲಿಂದ, ಎಲ್ಲಿ ಎಂಬವು ಕ್ರಿಯೆಗೆ ಹೊರಗಿನ ಸನ್ನಿವೇಶವಲ್ಲ, ಕ್ರಿಯಾಸಿದ್ಧಿಯ ಸಾಧನಗಳೇ. ಸಾಲಿನಿಂದ ಹೊರಗುಳಿದದ್ದು ಷಷ್ಠಿ. ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದ 50ನೆಯ ಸೂತ್ರ ಅದನ್ನು ‘ಶೇಷ’ ಎಂಬ ಅರ್ಥದಲ್ಲಿ ವಿಧಿಸುತ್ತದೆ. ಕಾರಕಾರ್ಥ, ಪ್ರಾತಿಪದಿಕಾರ್ಥಗಳಲ್ಲಿ ಸೇರದೆ ಮಿಕ್ಕ ಸಂಬಂಧವೆಲ್ಲ ಶೇಷ. ಹಾಗಾದರೆ ಮಸ್ಕಿಯ ಹೆಸರು ಎರಡು ಬಗೆಯಲ್ಲಿ ಹೆಚ್ಚುವರಿ: ಸಮಾನಾಧಿಕರಣವಾಗಿ ಸೇರಿದ ಎರಡನೆಯ ನಾಮವಾದುದರಿಂದ ಒಮ್ಮೆ, ಶೇಷಷಷ್ಠಿಯಾದುದರಿಂದ ಮತ್ತೊಮ್ಮೆ.

ಇಷ್ಟು ಹೊರಗಿನ ಅಂಗವು ಮಾಡಿದ ಕೆಲಸವೇನು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದಾಗ ಕಂಬ, ಬಂಡೆಗಳ ಮೇಲೆ ಮಾತನಾಡುತ್ತಿದ್ದವನು ‘ದೇವಾನಂಪಿಯ ಪಿಯದಸಿ’. ಇವನು ಯಾರೆಂಬುದು ತಿಳಿದಿರಲಿಲ್ಲ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅದೇ ವರ್ಷ ಪಾಲಿಯ ದೀಪವಂಸದ ಆಧಾರದಿಂದ ಪಿಯದಸಿಯೇ ಅಶೋಕನೆಂದು ಗುರುತಿಸಿದ. ಈ ಗುರುತು ಸಾಹಿತ್ಯದ ಆಧಾರದ್ದು. ದೊರೆಯ ಸ್ವಂತ ಶಾಸನಗಳಲ್ಲಿ ಅದಕ್ಕೆ ಬೆಂಬಲವಿರಲಿಲ್ಲ. ರುದ್ರದಾಮನ ಜುನಾಗಢ ಶಾಸನದಲ್ಲಿ ಮೌರ್ಯ ಅಶೋಕನ ಹೆಸರಿದೆ (ಅಲ್ಲಿಯೂ ಷಷ್ಠಿಯಲ್ಲಿಯೇ), ಆದರೆ ಅದು ನಾಲ್ಕು ಶತಮಾನಗಳ ನಂತರ ಬೇರೊಬ್ಬ ದೊರೆ ಬರೆಸಿದ್ದು. 1915ರಲ್ಲಿ ಆಗಿನ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಈ ಬರೆಹವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಪ್ರಕಟಿಸಿದರು. ಎಪ್ಪತ್ತೆಂಟು ವರ್ಷಗಳ ಊಹೆಗೆ ಕಲ್ಲಿನ ಆಧಾರ ದೊರೆತದ್ದು ಹೀಗೆ.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾವು ಅದನ್ನು ಸ್ವಲ್ಪ ತಡೆದು ಓದಬೇಕೆನ್ನುತ್ತೇವೆ. ಮಸ್ಕಿಯಲ್ಲಿ ‘ಪಿಯದಸಿ’ ಇಲ್ಲ. ಆದ್ದರಿಂದ ಅಲ್ಲಿ ಸಿದ್ಧವಾಗುವುದು ದೇವಾನಂಪಿಯನೇ ಅಶೋಕ ಎಂಬಷ್ಟು ಮಾತ್ರ. ದೇವಾನಂಪಿಯ ಎಂಬುದೋ ಒಬ್ಬನ ಸ್ವತ್ತಾದ ಬಿರುದಲ್ಲ. ನಾಗಾರ್ಜುನಿ ಬೆಟ್ಟದ ಗುಹೆಗಳಲ್ಲಿ ಅಶೋಕನ ಮೊಮ್ಮಗ ದಶರಥನಿಗೆ ಅದೇ ಬಿರುದಿದೆ. ಸಿಂಹಳದ ತಿಸ್ಸನನ್ನು ವಂಶಕಥೆಗಳು ದೇವಾನಂಪಿಯ ತಿಸ್ಸನೆಂದೇ ಕರೆಯುತ್ತವೆ. ಮೂರೂ ನಾಮಗಳು ಒಂದೇ ಕಡೆ ಕೂಡಿ ಬಂದದ್ದು 1954ರಲ್ಲಿ ಬೆಳಕಿಗೆ ಬಂದ ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲಿ: ‘ದೇವಾನಂಪಿಯಸ ಪಿಯದಸಿನೋ ಅಸೋಕರಾಜಸ’. ತರ್ಕದ ಕೊನೆಯ ಕೊಂಡಿ ಅಲ್ಲಿಯದು. ಮಸ್ಕಿಯ ಮಹತ್ತ್ವ ಇದರಿಂದ ಕುಗ್ಗುವುದಿಲ್ಲ. ಸಮಾನಾಧಿಕರಣ ನಾಮದ ಕೆಲಸವನ್ನು ಅಳೆಯುವಾಗ ಅದರ ಜೊತೆಗಾರ ಪದ ಎಷ್ಟು ಜನರಿಗೆ ಸಲ್ಲುತ್ತಿತ್ತು ಎಂದು ಕೇಳಬೇಕೆಂಬುದಷ್ಟೇ ಇಲ್ಲಿ ಮುಖ್ಯ.

ನಮ್ಮ ಶಾಸ್ತ್ರಕಾರರು ವಿಶೇಷಣವನ್ನು ವ್ಯಾವರ್ತಕವೆಂದೂ ಸ್ವರೂಪಕಥನವೆಂದೂ ಬಗೆಯುತ್ತಾರೆ. ಹಲವರಲ್ಲಿ ಒಬ್ಬನನ್ನು ಬೇರ್ಪಡಿಸಿ ತೋರಿಸಿದರೆ ವ್ಯಾವರ್ತಕ. ಈಗಾಗಲೇ ಗೊತ್ತಿರುವ ಒಬ್ಬನ ಬಗ್ಗೆ ಇನ್ನೊಂದು ಮಾತು ಹೇಳಿದರೆ ಸ್ವರೂಪಕಥನ. ಹಾಗಾದರೆ ‘ಅಸೋಕಸ’ ಯಾವ ಬಗೆಯದು? ದೇವಾನಂಪಿಯನೆಂದರೆ ಪಾಟಲಿಪುತ್ರದ ದೊರೆ, ಬೇರೆ ಯಾರೂ ಅಲ್ಲ ಎಂದು ತಿಳಿದಿದ್ದ ಮಹಾಮಾತ್ರನಿಗೆ ಅದು ಸ್ವರೂಪಕಥನ, ಬಿಡಬಹುದಾದ ಮಾತು. ಆ ಬಿರುದನ್ನೇ ಕೇಳದ, ಅಥವಾ ಅದು ಹಲವರಿಗೆ ಸಲ್ಲುವುದೆಂದು ಬಲ್ಲ ಓದುಗನಿಗೆ ಅದು ವ್ಯಾವರ್ತಕ. ಪ್ರಿನ್ಸೆಪ್‌ನ ಕಾಲದ ವಿದ್ವಾಂಸನಿಗಂತೂ ಅದು ಇಲ್ಲದೆ ಕೆಲಸವೇ ಸಾಗದು. ಪದ ಬದಲಾಗಲಿಲ್ಲ, ವಿಭಕ್ತಿ ಬದಲಾಗಲಿಲ್ಲ, ವಾಕ್ಯದಲ್ಲಿ ಅದರ ಸ್ಥಾನ ಬದಲಾಗಲಿಲ್ಲ. ಓದುವವನ ತಿಳಿವಳಿಕೆ ಬದಲಾದಂತೆ ಐಚ್ಛಿಕವಾದುದು ಅನಿವಾರ್ಯವಾಯಿತು.

ಅಶೋಕ ಎಂಬ ಹೆಸರನ್ನು ಹೊತ್ತ ಶಾಸನಸ್ಥಳಗಳು ಇಂದು ನಾಲ್ಕು: ಮಸ್ಕಿ, ಗುಜರ್ರಾ, ನಿಟ್ಟೂರು, ಉಡೆಗೋಳ. ಕೊನೆಯ ಎರಡು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನವು, ಎಂದರೆ ಸಿಂಧನೂರು ತಾಲ್ಲೂಕಿನಿಂದ ತುಂಗಭದ್ರೆಯ ಆಚೆ ದಡ. ನಾಲ್ಕರಲ್ಲಿ ಮೂರು ಈ ಒಂದೇ ಸೀಮೆಯಲ್ಲಿ ಗುಂಪಾಗಿರುವುದನ್ನು ಕಂಡಾಗ, ಇಲ್ಲಿನ ಜನಕ್ಕೆ ಬಿರುದು ಅಪರಿಚಿತವಾಗಿದ್ದುದರಿಂದ ಹೆಸರನ್ನೂ ಸೇರಿಸಿದರೆಂದು ಹೇಳುವ ಆಸೆ ಹುಟ್ಟುತ್ತದೆ. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಆದರೆ ಉತ್ತರದ ಗುಜರ್ರಾ ಅದಕ್ಕೆ ಅಡ್ಡಬರುತ್ತದೆ. ಮಸ್ಕಿಗೆ ಸಮೀಪದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಹೆಸರಿಲ್ಲದಿರುವುದೂ ಅಡ್ಡಬರುತ್ತದೆ. ಒಂದೇ ಸೀಮೆಯ ಕೇಳುಗರಿಗೆ ಒಂದು ಕಡೆ ಬೇಕಾದುದು ಇನ್ನೊಂದು ಕಡೆ ಬೇಡವಾಯಿತೇ? ಪ್ರತಿ ಎತ್ತಿಕೊಂಡ ಲಿಪಿಕಾರನ ಅಥವಾ ಕಳುಹಿಸಿದ ಅಧಿಕಾರಿಯ ರೂಢಿಯನ್ನು ಕಾರಣವಾಗಿ ಹೇಳುವುದೇ ಹೆಚ್ಚು ಸಂಯಮದ ದಾರಿ. ಐಚ್ಛಿಕವಾದ ಅಂಗದಲ್ಲಿಯೇ ಬರೆಯುವವನ ಕೈ ಕಾಣಿಸುವುದು. ಕಡ್ಡಾಯವಾದುದರಲ್ಲಿ ಅವನಿಗೆ ಆಯ್ಕೆಯೇ ಇರುವುದಿಲ್ಲ.

ಪ್ರತ್ಯಯಗಳ ಕಡೆ ತಿರುಗೋಣ. ಮಸ್ಕಿಯಲ್ಲಿ ಬಿರುದಿಗೂ ಹೆಸರಿಗೂ ಷಷ್ಠೀ ಪ್ರತ್ಯಯ ಬೇರೆ ಬೇರೆಯಾಗಿ ಹತ್ತಿದೆ. ಗುಜರ್ರಾದಲ್ಲಿ ಮೊದಲ ಎರಡು ನಾಮಗಳಿಗೆ ಹಾಗೆಯೇ ಹತ್ತಿ, ‘ಅಸೋಕರಾಜಸ’ದಲ್ಲಿ ಮಾತ್ರ ಹೆಸರು ಬರಿದಾಗಿ ಉಳಿದು, ಸಮಾಸದ ಕೊನೆಗೆ ಪ್ರತ್ಯಯ ಬಂದಿದೆ. ಈ ಎರಡು ದಾರಿಗಳೂ ಫಿನ್ನಿಷ್‌ನಲ್ಲಿ ಸ್ಪಷ್ಟವಾಗಿ ಬೇರ್ಪಟ್ಟಿವೆ. ಅಧ್ಯಕ್ಷ ಕೆಕ್ಕೊನೆನ್‌ರ ಎನ್ನಲು ‘ಪ್ರೆಸಿಡೆಂಟ್ಟಿ ಕೆಕ್ಕೊಸೆನ್’. ಪದವಿ ಬರಿದು, ಹೆಸರಿಗೆ ಮಾತ್ರ ಷಷ್ಠಿ. ಹೆಸರನ್ನು ಮೊದಲು ಹೇಳಿ, ಒಂದು ನಿಲುಗಡೆ ಕೊಟ್ಟು, ಪದವಿಯನ್ನು ಆಮೇಲೆ ಸೇರಿಸಿದರೆ ಎರಡೂ ಷಷ್ಠಿಗೆ ಬರಬೇಕು: ‘ಕೆಕ್ಕೊಸೆನ್, ಪ್ರೆಸಿಡೆಂಟಿನ್’. ಒಳಗೆ ಬೆಸೆದುಕೊಂಡ ಅಂಗಕ್ಕೆ ಪ್ರತ್ಯಯ ಬೇಡ, ಹೊರಗಿನಿಂದ ಬಂದದ್ದು ತನ್ನ ಗುರುತನ್ನು ತಾನೇ ಹೊತ್ತು ತರಬೇಕು.

ಕನ್ನಡವೂ ಇದೇ ನಡೆಯದು, ಅದನ್ನು ನೋಡಲು ಹೆಚ್ಚು ದೂರ ಹೋಗಬೇಕಿಲ್ಲ. ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಶರಣಪ್ಪ ಎಂಬ ಹೆಸರು ಓಣಿಗೊಂದು. “ಶರಣಪ್ಪಗ ಹೇಳು” ಎಂದರೆ “ಯಾವ ಶರಣಪ್ಪಗ?” ಎಂಬ ಮರುಪ್ರಶ್ನೆ ಸಹಜ. “ಲಿಂಗಸುಗೂರು ಶರಣಪ್ಪಗ” ಎಂಬುದು ಉತ್ತರ. ಊರ ಹೆಸರಿಗೆ ವಿಭಕ್ತಿಯಿಲ್ಲ. ‘ಲಿಂಗಸುಗೂರಿನ’ ಎಂದೂ ಹೇಳಬೇಕಿಲ್ಲ. ಕೊನೆಯ ನಾಮಕ್ಕೆ ಮಾತ್ರ ಚತುರ್ಥಿ. ಮಾತು ಆಡಿಬಿಟ್ಟ ಮೇಲೆ ಸಂಶಯ ಬಂದರೆ ಅದೇ ವ್ಯಕ್ತಿ, “ಶರಣಪ್ಪಗ ಹೇಳು, ಲಿಂಗಸುಗೂರಾಂವಗ” ಎಂದು ಬಾಲಂಗೋಚಿ ಸೇರಿಸುತ್ತಾನೆ. ಆಗ ಎರಡಕ್ಕೂ ಚತುರ್ಥಿ ಬಂತು. (ಉದಾಹರಣೆಗಳು ನಾವೇ ರಚಿಸಿದವು, ಆ ಸೀಮೆಯ ಮಾತು ಬಲ್ಲವರು ತಿದ್ದಬಹುದು.) ಶಿಷ್ಟ ಕನ್ನಡಕ್ಕೆ ‘ಎಂಬ’ ಎಂಬ ಇನ್ನೊಂದು ಉಪಾಯವುಂಟು: ಅಶೋಕನೆಂಬ ದೊರೆಯ. ಇದು ಕೇಳುಗನಿಗೆ ಹೆಸರು ಹೊಸದು ಎಂಬ ಭಾವನೆಯಿಂದಲೇ ಬಳಸುವ ರಚನೆ. ಹೀಗೆ ಕನ್ನಡದಲ್ಲಿ ಸಮಾನಾಧಿಕರಣದ ಮೂರು ರೂಪಗಳೂ ಕೇಳುಗನಿಗೆ ಏನು ಗೊತ್ತಿದೆ ಎಂಬ ಲೆಕ್ಕದ ಮೇಲೆ ನಿಂತಿವೆ. ಮನೆಯೊಳಗೆ ಒಬ್ಬನೇ ಶರಣಪ್ಪ ಇರುವಾಗ ಊರ ಹೆಸರು ಅತಿಯಾದ ಮಾತು. ಸಂತೆಯಲ್ಲಿ ಅದೇ ಇಲ್ಲದೆ ಕೆಲಸ ನಡೆಯದು.

ಮಸ್ಕಿಯ ಶಾಸನದಲ್ಲಿ ಇನ್ನೊಂದು ಅಂಗ ಇದೇ ಬಗೆಯ ಗಮನವನ್ನು ಬೇಡುತ್ತದೆ. ಹೆಸರಿನ ನಂತರದ ಸವೆದ ಭಾಗವನ್ನು ದಾಟಿದ ಕೂಡಲೆ ಸಿಗುವುದು ‘ಅಢತಿಯಾನಿ ವಸಾನಿ’, ಎರಡೂವರೆ ವರ್ಷ. ಇದು ದ್ವಿತೀಯೆ, ಆದರೆ ಕರ್ಮವಲ್ಲ. ಕಾಲವೂ ದಾರಿಯೂ ಎಡೆಬಿಡದೆ ವ್ಯಾಪಿಸಿದಾಗ ದ್ವಿತೀಯೆ ಬರುವುದನ್ನು ಪಾಣಿನಿ ಪ್ರತ್ಯೇಕವಾಗಿ ವಿಧಿಸಿದ್ದಾನೆ; ಅದು ಕಾರಕಪ್ರಕರಣದಲ್ಲಿಲ್ಲ, ವಿಭಕ್ತಿಗಳನ್ನು ಹೇಳುವ ಪಾದದಲ್ಲಿದೆ. ಫಿನ್ನಿಷ್‌ನಲ್ಲಿಯೂ ಇಂಥದೇ ಒಂದು ಪ್ರಸಿದ್ಧ ವಿದ್ಯಮಾನವಿದೆ. ‘ನುಕುಯಿನ್ ತುನ್ನಿನ್’ (ಒಂದು ಗಂಟೆ ಮಲಗಿದೆ) ಎಂಬಲ್ಲಿ ಕಾಲಮಾನ ಪದವು ಕರ್ಮದ ವಿಭಕ್ತಿಯನ್ನು ತೊಡುತ್ತದೆ. ವಾಕ್ಯವನ್ನು ನಿಷೇಧರೂಪಕ್ಕೆ ತಿರುಗಿಸಿದರೆ ಕರ್ಮಪದ ಹೇಗೆ ತನ್ನ ವಿಭಕ್ತಿಯನ್ನು ಬದಲಿಸುತ್ತದೋ ಹಾಗೆಯೇ ಇದೂ ಬದಲಿಸುತ್ತದೆ: ‘ಎನ್ ನುಕ್ಕುನುತ್ ತುನ್ತಿಆಕಾನ್’, ಒಂದು ಗಂಟೆಯೂ ಮಲಗಲಿಲ್ಲ. ಮಲಗುವುದು ಅಕರ್ಮಕ ಕ್ರಿಯೆ. ಆದರೂ ಬಿಡಬಹುದಾದ ಕಾಲಾಂಗವು ಕರ್ಮದ ವೇಷ ಧರಿಸಿ ಕರ್ಮದ ನಿಯಮವನ್ನೇ ಪಾಲಿಸುತ್ತದೆ. ಕನ್ನಡ ಇಲ್ಲಿ ಜೊತೆಗೆ ಬರುವುದಿಲ್ಲ. ‘ಒಂದು ಗಂಟೆ ಮಲಗಿದೆ’ ಎನ್ನುತ್ತೇವೆ, ‘ಗಂಟೆಯನ್ನು’ ಎನ್ನುವುದಿಲ್ಲ. ವಿಭಕ್ತಿಯ ರೂಪವನ್ನು ನೋಡಿ ಅನಿವಾರ್ಯತೆಯನ್ನು ನಿರ್ಣಯಿಸುವವರಿಗೆ ಪ್ರಾಕೃತ, ಫಿನ್ನಿಷ್‌ಗಳು ಎಚ್ಚರಿಕೆ ಕೊಡುತ್ತವೆ. ಕನ್ನಡದ ಬರಿಯ ರೂಪದಿಂದ ಆ ಪಾಠ ಕಲಿಯುವುದು ಕಷ್ಟ.

ಈ ಎರಡೂವರೆ ವರ್ಷವನ್ನೂ ಲೋಪಪರೀಕ್ಷೆ ಹೊರಗೆ ಹಾಕುತ್ತದೆ. ಆದರೆ ಉಪಾಸಕನಾದ ಮೇಲಿನ ಎರಡೂವರೆ ವರ್ಷ ಮತ್ತು ಸಂಘವನ್ನು ಸಮೀಪಿಸಿದ ಮೇಲಿನ ಒಂದು ವರ್ಷಕ್ಕೆ ಮಿಕ್ಕ ಅವಧಿ ಎಂಬ ಈ ಅಂಗಗಳನ್ನು ಹಿಡಿದೇ ವಿದ್ವಾಂಸರು ಕಿರು ಶಿಲಾಶಾಸನಗಳನ್ನು ಅಶೋಕನ ಶಾಸನಗಳಲ್ಲಿ ಮೊದಲಿನವೆಂದು ಗಣಿಸಿದ್ದು. ಕಾಲಾಂಗವು ಅರ್ಧಕ್ಕೆ ನಿಂತಾಗ ಏನಾಗುತ್ತದೆಂಬುದಕ್ಕೆ ಇದೇ ಶಾಸನದ ಬೇರೆ ಪಾಠಗಳಲ್ಲಿ ಸಾಕ್ಷಿಯಿದೆ. ರೂಪನಾಥ, ಸಹಸ್ರಾಮ್, ಬ್ರಹ್ಮಗಿರಿ ಮೊದಲಾದೆಡೆಗಳ ಪಾಠದ ಕೊನೆಯಲ್ಲಿ 256 ಎಂಬ ಸಂಖ್ಯೆಯಿದೆ. ಯಾವುದರ ಸಂಖ್ಯೆ? ಬ್ಯೂಲರ್ ಅದನ್ನು ಬುದ್ಧನಿರ್ವಾಣದಿಂದ ಎಣಿಸಿದ ವರ್ಷಗಳೆಂದು ತಿಳಿದು ಕಾಲಗಣನೆಯನ್ನೇ ಅದರ ಮೇಲೆ ಕಟ್ಟಿದ. ಸಹಸ್ರಾಮ್ ಪಾಠದಲ್ಲಿ ‘ಲಾತಿ’, ಅಂದರೆ ರಾತ್ರಿ ಎಂಬ ಪದವಿರುವುದನ್ನು ಎಫ್. ಡಬ್ಲ್ಯೂ. ತಾಮಸ್ ತೋರಿಸಿದ ಮೇಲೆ ಅದು ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂಬ ಅಭಿಪ್ರಾಯ ಬೆಳೆಯಿತು. ಬೇರೆಡೆಯ ಲಿಪಿಕಾರರಿಗೆ ಬಿಡಬಹುದೆನಿಸಿದ ಒಂದು ನಾಮಪದದಿಂದಾಗಿ 256 ರಾತ್ರಿಗಳು 256 ವರ್ಷಗಳಾಗಿ ಓದಿಸಿಕೊಂಡವು.

ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳು ಚಿತ್ರದುರ್ಗ ಜಿಲ್ಲೆಯವು. ಅಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಆ ಪಾಠ ಆರಂಭವಾಗುವುದೇ ಪಂಚಮಿಯಲ್ಲಿರುವ ಒಂದು ಸ್ಥಳನಾಮದಿಂದ, ಸುವರ್ಣಗಿರಿಯಿಂದ ಎಂದು. ಮುಂದೆ ಸಪ್ತಮಿಯಲ್ಲಿ ಇಸಿಲ ಎಂಬ ಇನ್ನೊಂದು ಊರು. ತೆನಿಯೇರನ ಲೆಕ್ಕದಲ್ಲಿ ಇವೆರಡೂ ಸನ್ನಿವೇಶ. ಮೌರ್ಯರ ದಕ್ಷಿಣ ಪ್ರಾಂತದ ರಾಜಧಾನಿಯ ಹೆಸರು ನಮಗೆ ತಿಳಿದದ್ದು ಆ ಪಂಚಮಿಯಿಂದ. ಅದು ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಕೆಲವರು ವಾದಿಸುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ನಡೆಯುತ್ತಿರುವ ಚಿನ್ನದ ಗಣಿ, ಅಲ್ಲಿನ ಪ್ರಾಚೀನ ಅಗೆತದ ಕುರುಹುಗಳು ಮಸ್ಕಿಯ ಸುತ್ತಣ ಸೀಮೆಯನ್ನೂ ಈ ಚರ್ಚೆಯೊಳಗೆ ಎಳೆದು ತರುತ್ತವೆ. ಬೀಡನ್ ಇಲ್ಲಿಗೆ ಬಂದದ್ದೂ ಚಿನ್ನದ ವೃತ್ತಿಯಿಂದಲೇ.

ಪ್ರಾಕೃತದಿಂದ ಕನ್ನಡದ ಶಾಸನಗಳಿಗೆ ಬಂದರೆ ಹೆಚ್ಚುವರಿ ಅಂಗಗಳು ವಾಕ್ಯದ ಬಹುಭಾಗವನ್ನು ಆಕ್ರಮಿಸಿಕೊಂಡಿರುತ್ತವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಸ್ಕಿಗೆ ಮೊಸಂಗಿ ಎಂಬ ಹೆಸರಿತ್ತು. ರಾಯಚೂರು ಜಿಲ್ಲೆಯುದ್ದಕ್ಕೂ ಆ ವಂಶದ ದಾನಶಾಸನಗಳು ಹರಡಿವೆ. ಅವುಗಳ ವಾಕ್ಯದ ಎಲುಬುಗೂಡನ್ನು ಬಿಡಿಸಿದರೆ ಇಂಥವನು ಇಂಥ ದೇವರಿಗೆ ಇಷ್ಟು ಮತ್ತರು ಭೂಮಿಯನ್ನು ಬಿಟ್ಟನು ಎಂದು ನಾಲ್ಕೈದು ಪದಗಳು. ಉಳಿದದ್ದೆಲ್ಲ ಆ ವಾಕ್ಯಕ್ಕೆ ಮುನ್ನ ಬರುವ ಉಪವಾಕ್ಯ: ‘ಸಮಸ್ತಭುವನಾಶ್ರಯ’ದಿಂದ ಮೊದಲಾದ ಬಿರುದುಗಳ ಸಾಲು, ಇಂಥ ಮಲ್ಲದೇವರ ವಿಜಯರಾಜ್ಯವು ಚಂದ್ರಸೂರ್ಯ ತಾರೆಗಳಿರುವವರೆಗೆ ‘ಸಲುತ್ತಮಿರೆ’, ಆಮೇಲೆ ‘ತತ್ಪಾದಪದ್ಮೋಪಜೀವಿ’ಯಾದ ಅಧಿಕಾರಿ, ಸಂವತ್ಸರ, ಮಾಸ, ತಿಥಿ, ವಾರ, ಗ್ರಹಣ ಅಥವಾ ಸಂಕ್ರಮಣದ ನಿಮಿತ್ತ. ದಾನಿ ಮುಖ್ಯ ವಾಕ್ಯದ ಕರ್ತೃ. ಚಕ್ರವರ್ತಿ ಉಪವಾಕ್ಯದೊಳಗಣ ಷಷ್ಠಿ. ‘ಇರೆ’ ಎಂಬಲ್ಲಿಗೆ ಮುಗಿಯುವ ಈ ರಚನೆಯನ್ನು ನಮ್ಮ ವೈಯಾಕರಣರು ಸತಿಸಪ್ತಮಿಯೆಂದು ಗುರುತಿಸಿದರು. ಅದನ್ನು ತೆಗೆದರೆ ದಾನಕ್ಕೆ ಊನವಿಲ್ಲ, ವಾಕ್ಯಕ್ಕೂ ಇಲ್ಲ.

ಚರಿತ್ರೆಯ ಆಸಕ್ತಿಯೆಲ್ಲ ಆ ಉಪವಾಕ್ಯದಲ್ಲಿದೆ. ಮಸ್ಕಿಯ ಹಳೆಯ ಸಮಸ್ಯೆಯೂ ಅಲ್ಲಿ ಮತ್ತೆ ಎದುರಾಗುತ್ತದೆ. ಈ ದೊರೆಗಳು ಅನೇಕ ವೇಳೆ ಹೆಸರಿನಿಂದಲ್ಲದೆ ಬಿರುದಿನಿಂದಲೇ ಬರುತ್ತಾರೆ. ‘ತ್ರಿಭುವನಮಲ್ಲದೇವರ ವಿಜಯರಾಜ್ಯ’ ಎಂದರೆ ಐದನೆಯ ವಿಕ್ರಮಾದಿತ್ಯನದೋ, 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನದೋ, ನಾಲ್ಕನೆಯ ಸೋಮೇಶ್ವರನದೋ? ಮೂವರೂ ತ್ರಿಭುವನಮಲ್ಲರು. ಜಗದೇಕಮಲ್ಲರು ಇಬ್ಬರು, ಎರಡನೆಯ ಜಯಸಿಂಹನೂ ಆ ಬಿರುದಿನವನೇ. ಇಲ್ಲಿ ಅಶೋಕನೆಂಬಂಥ ಎರಡನೆಯ ನಾಮ ನೆರವಿಗೆ ಬರದಾಗ ಶಾಸನತಜ್ಞರು ಹಿಡಿಯುವುದು ಮತ್ತೊಂದು ಐಚ್ಛಿಕ ಅಂಗವನ್ನು, ತೇದಿಯನ್ನು. ಚಾಲುಕ್ಯವಿಕ್ರಮ ವರ್ಷ ಎಂದಿದ್ದರೆ ಆರನೆಯ ವಿಕ್ರಮಾದಿತ್ಯನ ಕಡೆ ಒಲವು. ಶಕವರ್ಷವಿದ್ದರೆ ನೇರ ಲೆಕ್ಕ. ಕಾಲಾಂಗವು ನಾಮಾಂಗದ ಕೆಲಸವನ್ನು ವಹಿಸಿಕೊಂಡು ದೊರೆಯನ್ನು ವ್ಯಾವರ್ತಿಸುತ್ತದೆ. ಶಾಸನಗಳ ಸಾರಾಂಶ ಬರೆಯುವಾಗ ರೂಢಿಯ ಪ್ರಶಸ್ತಿಭಾಗವನ್ನು ಚುಕ್ಕಿಗಳಿಂದ ಸಂಕ್ಷೇಪಿಸುವ ಪದ್ಧತಿಯುಂಟು. ಜಾಗದ ಮಿತಿಯ ದೃಷ್ಟಿಯಿಂದ ಅದು ಅರ್ಥವಾಗುತ್ತದೆ. ಆದರೆ ವಾಕ್ಯರಚನೆಯ ಅಧ್ಯಯನಕ್ಕೆ ಅಂಥ ಪಾಠವನ್ನು ಆಧಾರವಾಗಿ ಹಿಡಿಯುವ ಸಂಶೋಧಕರು, ಹಳಗನ್ನಡದ ವಾಕ್ಯ ಇದ್ದುದಕ್ಕಿಂತ ಬಹಳ ಚಿಕ್ಕದಿತ್ತೆಂಬ ತೀರ್ಮಾನಕ್ಕೆ ಬಂದಾರು.

ಕನ್ನಡ ವೈಯಾಕರಣರಲ್ಲಿ ಇದಕ್ಕೆ ಸಿದ್ಧ ಚೌಕಟ್ಟನ್ನು ಹುಡುಕುವುದು ವ್ಯರ್ಥ. ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯಗಳಿಗೆ ಪ್ರಕರಣಗಳಿವೆ, ವಾಕ್ಯಕ್ಕೆ ಇಲ್ಲ. 1604ರ ಭಟ್ಟಾಕಳಂಕನ ಗ್ರಂಥವೂ ಪದದ ವ್ಯಾಕರಣವೇ. ವಾಕ್ಯದ ವಿಚಾರವನ್ನು ನಮ್ಮ ಪರಂಪರೆ ಮೀಮಾಂಸಕರಿಗೂ ನೈಯಾಯಿಕರಿಗೂ ಬಿಟ್ಟುಕೊಟ್ಟಿತ್ತು. ಶಾಲೆಯ ವ್ಯಾಕರಣ ಇಂದಿಗೂ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಹೇಳಿ, ಮಿಕ್ಕದ್ದನ್ನೆಲ್ಲ ವಿಶೇಷಣ ಎಂಬ ಒಂದೇ ಚೀಲಕ್ಕೆ ತುಂಬುತ್ತದೆ.

ಆ ಮೀಮಾಂಸೆ, ನ್ಯಾಯಗಳ ಚರ್ಚೆಯಲ್ಲಿ ನಮಗೆ ಬೇಕಾದ ಒಂದು ಭೇದ ದೊರೆಯುತ್ತದೆ. ಪದಗಳು ವಾಕ್ಯವಾಗಲು ಆಕಾಂಕ್ಷೆ ಬೇಕು ಎನ್ನುವ ಶಾಸ್ತ್ರಕಾರರು ಆಕಾಂಕ್ಷೆಯಲ್ಲಿ ಎರಡು ಬಗೆಯನ್ನು ಕಾಣಿಸಿದರು: ಉತ್ಥಿತ ಮತ್ತು ಉತ್ಥಾಪ್ಯ. ‘ತಾ’ ಎಂದ ಕೂಡಲೆ ‘ಏನನ್ನು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಅದು ಉತ್ಥಿತ. ‘ಹಸುವನ್ನು ತಾ’ ಎಂದ ಮೇಲೆ ಆಕಾಂಕ್ಷೆ ತೀರಿತು. ಆದರೂ ‘ಬಿಳಿಯ’ ಎಂಬ ಪದ ಬಂದರೆ ‘ಎಂಥ ಹಸು?’ ಎಂಬ ಪ್ರಶ್ನೆಯನ್ನು ಎಬ್ಬಿಸಿ ಅದಕ್ಕೆ ಉತ್ತರವಾಗಿ ನಿಲ್ಲುತ್ತದೆ; ಅದು ಉತ್ಥಾಪ್ಯ. ಕುಂಜುಣ್ಣಿ ರಾಜಾ ಅವರು ಭಾರತೀಯ ಅರ್ಥಸಿದ್ಧಾಂತಗಳನ್ನು ಕುರಿತ ಗ್ರಂಥದಲ್ಲಿ ಈ ಭೇದವನ್ನು ವಿವರಿಸಿದ್ದಾರೆ. ಇದು ಮೇಲುನೋಟಕ್ಕೆ ಪೂರಕ, ಸ್ವತಂತ್ರ ಅಂಗಗಳ ಭೇದವೇ ಎನಿಸುತ್ತದೆ. ಆದರೆ ಒಂದು ವ್ಯತ್ಯಾಸವಿದೆ, ಅದನ್ನು ನಾವು ಬಹು ಮುಖ್ಯವೆಂದು ತಿಳಿಯುತ್ತೇವೆ: ಆಕಾಂಕ್ಷೆ ಎಂಬುದು ಕೇಳುವವನಲ್ಲಿ ಏಳುವಂಥದು. ಕಟ್ಟಿನಲ್ಲಿ ಹತ್ತು ಹಸುಗಳಿದ್ದರೆ ‘ಎಂಥ ಹಸು?’ ಎಂಬುದನ್ನು ಯಾರೂ ಎಬ್ಬಿಸಬೇಕಿಲ್ಲ, ಅದು ಎದ್ದೇ ಇರುತ್ತದೆ. ಉತ್ಥಾಪ್ಯವು ಉತ್ಥಿತವಾಗುವ ಹಾದಿ ತೆರೆದಿದೆ. ತೆನಿಯೇರನ ಪಾತ್ರಧಾರಿ ಸನ್ನಿವೇಶವಾಗಲಾರ, ಸನ್ನಿವೇಶ ಪಾತ್ರಧಾರಿಯಾಗಲಾರದು. ಅಲ್ಲಿ ಗೆರೆ ಕ್ರಿಯಾಪದದಿಂದ ಒಮ್ಮೆಗೇ ನಿಶ್ಚಿತ.

ಇದರಿಂದ ಕ್ರಿಯಾಪದದ ಬೇಡಿಕೆ ಎಂಬುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ‘ಕೊಡು’ ಮೂರು ಅಂಗಗಳನ್ನು ಬೇಡುವುದೂ ‘ಮಲಗು’ ಒಂದನ್ನು ಬೇಡುವುದೂ ನಿಜ. ಅದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಲೋಪಪರೀಕ್ಷೆ ಅಳೆಯುವುದು ಅಷ್ಟನ್ನು ಮಾತ್ರ. ಆ ಫಲಿತಾಂಶಕ್ಕೆ ‘ಅನಿವಾರ್ಯವಲ್ಲದ’ ಎಂಬ ಹೆಸರು ಕೊಟ್ಟಾಗ ಕ್ರಿಯಾಪದಕ್ಕೆ ಬೇಡ ಎಂಬುದು ಕೇಳುಗನಿಗೆ ಬೇಡ ಎಂಬುದಾಗಿ ಜಾರುತ್ತದೆ. ಕನ್ನಡದ ವಾಕ್ಯಗಳನ್ನು ಗಣಕಕ್ಕಾಗಿ ಗುರುತುಹಾಕುವ ಕೆಲಸದಲ್ಲಿ ತೊಡಗಿರುವ ಸಂಶೋಧನ ವಿದ್ಯಾರ್ಥಿಗಳಿಗೆ ಈ ಜಾರು ನಿತ್ಯದ ಅನುಭವ: ‘ಲಿಂಗಸುಗೂರು ಶರಣಪ್ಪ’ನಲ್ಲಿ ಊರ ಹೆಸರಿಗೂ ‘ಬಸವಕಲ್ಯಾಣದ ಬಸವಣ್ಣ’ನಲ್ಲಿ ಊರ ಹೆಸರಿಗೂ ಒಂದೇ ಗುರುತು ಬೀಳುತ್ತದೆ, ಮೊದಲನೆಯದು ಯಾರೆಂದು ತಿಳಿಸುತ್ತದೆ, ಎರಡನೆಯದು ತಿಳಿದವನ ಬಗ್ಗೆ ಮಾತನಾಡುತ್ತದೆ. ಎರಡು ಗುರುತುಗಳನ್ನು ಇಡುವುದು ಕಷ್ಟವೇನಲ್ಲ. ಒಂದು ಕ್ರಿಯಾಪದದ ಬೇಡಿಕೆಗೆ, ಇನ್ನೊಂದು ವ್ಯಾವರ್ತನೆಗೆ.

ಕೊನೆಯದಾಗಿ ಬ್ರಹ್ಮಗಿರಿಯ ಒಂದು ಪದ. ಅಲ್ಲಿನ ಶಾಸನ ಮುಗಿದ ಮೇಲೆ ಬರೆದವನು ತನ್ನ ಹೆಸರನ್ನು ತೃತೀಯೆಯಲ್ಲಿ ಹಾಕಿದ್ದಾನೆ: ಚಪಡನಿಂದ ಬರೆಯಲ್ಪಟ್ಟಿತು. ರಾಜಾಜ್ಞೆಗೆ ಆ ವಾಕ್ಯ ಬೇಕಿರಲಿಲ್ಲ. ಅಷ್ಟಕ್ಕೆ ನಿಲ್ಲದೆ ಆತ ಹೆಸರಿಗೆ ಸಮಾನಾಧಿಕರಣವಾಗಿ, ಅದೇ ತೃತೀಯೆಯಲ್ಲಿ, ‘ಲಿಪಿಕರೇಣ’ ಎಂಬ ಇನ್ನೊಂದು ಪದವನ್ನು ಸೇರಿಸಿದ. ಆ ಒಂದು ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ. ಬಲದಿಂದ ಎಡಕ್ಕೆ ಓದುವ, ವಾಯವ್ಯ ಗಡಿಯ ಖರೋಷ್ಠೀ ಲಿಪಿಯಲ್ಲಿದೆ. ಸೀಮೆಯಲ್ಲಿ ಅದನ್ನು ಓದಬಲ್ಲವರು ಅವನ ಹೊರತು ಇದ್ದಿರಲಾರರು. ತೆಗೆದರೆ ಏನೂ ಕೆಡದ ಆ ಪದದಿಂದಲೇ, ಉತ್ತರದ ಗಡಿಯ ಲಿಪಿಯನ್ನು ಬಲ್ಲ ಬರಹಗಾರನೊಬ್ಬ ಚಿತ್ರದುರ್ಗದ ಬಂಡೆಯ ಮುಂದೆ ಕುಳಿತಿದ್ದನೆಂಬುದು ನಮಗೆ ತಿಳಿದಿದೆ.